15 ಜೂನ್ 2025, ಭಾನುವಾರ: ಟೇಲರಕ್ಕನ ಮಷಿನ್

ಆರಾಧನೆ ಮುಗಿಸಿ ಬರುವಾಗ ಟೇಲರಕ್ಕ ಗೇಟಿನ ಹತ್ತಿರ ಕೈ ಹಿಡಿದು ನಿಲ್ಲಿಸಿದರು. ಹೊಲಿಗೆ ಮಷಿನ್ ಮನೆಯಲ್ಲಿಲ್ಲವಂತೆ. ಶಾಲೆ ಶುರುವಾಗಿದೆ, ಯೂನಿಫಾರ್ಮ್ ಹೊಲಿಯುವ ಕಾಲ. ಸಾಲ ಕೊಟ್ಟವರು ಸೀದಾ ಒಳಗೆ ಬಂದು, "ಬಾಕಿ ಕಟ್ಟಿ ಬಿಡಿಸ್ಕೊಳ್ಳಿ" ಅಂತ ಹೇಳಿ ಎತ್ತಿಕೊಂಡು ಹೋಗಿದ್ದಾರೆ. ಕತ್ತರಿಸಿಟ್ಟ ನೀಲಿ ಬಟ್ಟೆ ಮಂಚದ ಮೇಲೆ ಹಾಗೇ ಬಿದ್ದಿದೆಯಂತೆ. "ಮಷಿನ್ನೇ ಇಲ್ದೆ ನಾನು ಎಲ್ಲಿಂದ ತೀರಿಸ್ಲಿ, ನೀನೇ ಹೇಳು."

ಮಧ್ಯಾಹ್ನದ ಊಟ ಸೇರಲಿಲ್ಲ.

ದೊಡ್ಡಪ್ಪನಿಗೆ ಹೇಳಿದೆ. "ತಗೊಂಡವರು ಕೊಡಬೇಕು ತಾನೇ? ದುಷ್ಟ ಸಾಲ ಮಾಡಿ ತೀರಿಸಲ್ಲ ಅಂತ ಬೈಬಲಿನ 37ನೇ ಕೀರ್ತನೆಯಲ್ಲೇ ಇದೆ" ಅಂದರು. ನಿಜ. ಆದರೆ ಟೇಲರಕ್ಕ ತೀರಿಸಲ್ಲ ಅಂದಿಲ್ಲವಲ್ಲ!

ಧರ್ಮೋಪದೇಶಕಾಂಡ 24 ತೆಗೆದು ಅವರ ಮುಂದಿಟ್ಟೆ. ಬೀಸುವ ಕಲ್ಲನ್ನು ಅಡವು ತಗೋಬಾರದು, ಮೇಲಿನ ಕಲ್ಲನ್ನೂ ತಗೋಬಾರದು. ತಗೊಂಡರೆ ಅವನ ಜೀವವನ್ನೇ ಅಡವು ತಗೊಂಡ ಹಾಗೆ. ಮೇಲಿನ ಕಲ್ಲೊಂದು ಹೋದರೂ ಸಾಕು, ಆ ಮನೆಯಲ್ಲಿ ಹಿಟ್ಟಿಲ್ಲ, ರೊಟ್ಟಿಯಿಲ್ಲ. ಟೇಲರಕ್ಕನ ಮಷಿನ್ ಇದೇ ಅಲ್ವಾ?

ಸ್ವಲ್ಪ ಕೆಳಗೆ ಇನ್ನೊಂದು ಮಾತಿದೆ, ಇವತ್ತು ಅದನ್ನು ಬಿಟ್ಟು ಮನಸ್ಸು ಮುಂದೆ ಹೋಗುತ್ತಲೇ ಇಲ್ಲ. ಸಾಲ ಕೊಟ್ಟವನು ಅಡವಿಗಾಗಿ ಮನೆಯೊಳಗೆ ನುಗ್ಗಬಾರದು. ಹೊರಗೇ ನಿಲ್ಲಬೇಕು. ಸಾಲಗಾರನೇ ಒಳಗಿಂದ ತಂದು ಕೊಡಬೇಕು. ಅಂದರೆ ಏನು ಕೊಡಬೇಕು ಅಂತ ಆರಿಸುವವನು ಬಡವನೇ. ಹೆಂಡತಿ ಮಕ್ಕಳ ಮುಂದೆ ಅವನ ಮಾನ ಹೋಗಬಾರದು ಅಂತ ದೇವರು ಹೊಸ್ತಿಲವರೆಗೂ ಯೋಚನೆ ಮಾಡಿದ್ದಾನೆ. ಹೊದಿಕೆ ಅಡವಿಟ್ಟವನಿಗೆ ಹೊತ್ತು ಮುಳುಗುವುದರೊಳಗೆ ಅದನ್ನು ವಾಪಸ್ ಕೊಡಬೇಕು, ಅವನು ಮಲಗಬೇಕಲ್ಲ.

"ಸಂಜೆಗೆ ವಾಪಸ್ ಕೊಡೋದಾದ್ರೆ ಅದೆಂಥ ಅಡವು? ಕೊಟ್ಟವನ ಗತಿ?" ದೊಡ್ಡಪ್ಪ ಬಿಡಲಿಲ್ಲ.

ನ್ಯಾಯವಾದ ಪ್ರಶ್ನೆ. ಬೈಬಲ್ ಸಾಲಗಾರನನ್ನೂ ಸುಮ್ನೆ ಬಿಟ್ಟಿಲ್ಲ. ಕೇಳಿ ತಂದ ಎತ್ತು ಯಜಮಾನ ಇಲ್ಲದಾಗ ಸತ್ತರೆ ತಂದವನೇ ಬದಲು ಕೊಡಬೇಕು, ವಿಮೋಚನಕಾಂಡ 22. ಎರಡನೆಯ ಅರಸುಗಳು ಪುಸ್ತಕದಲ್ಲಿ ಮರ ಕಡಿಯುವಾಗ ಒಬ್ಬನ ಕೊಡಲಿ ಯೊರ್ದನ್ ನದಿಗೆ ಬೀಳುತ್ತದೆ. ಆ ಮನುಷ್ಯ ಪ್ರವಾದಿ ಎಲೀಷನಿಗೆ ಕೂಗಿ ಹೇಳುವುದು ಕೆಲಸ ನಿಂತಿತು ಅಂತಲ್ಲ, ಅಯ್ಯೋ, ಅದು ಕೇಳಿ ತಂದದ್ದು ಅಂತ. ಅದೇ ಪುಸ್ತಕದ ವಿಧವೆಯ ಎಣ್ಣೆಯ ಕಥೆಯೂ ಹಾಗೇ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರಾಗಿ ಒಯ್ಯಲು ಬಂದಿದ್ದ. ಇದ್ದ ಚೂರು ಎಣ್ಣೆಯಿಂದಲೇ ಪಾತ್ರೆಗಳೆಲ್ಲ ತುಂಬಿದ ಮೇಲೆ ಎಲೀಷ ಹೇಳಿದ್ದು, ಎಣ್ಣೆ ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ಬದುಕು. ಅಷ್ಟು ದೊಡ್ಡ ಅದ್ಭುತ ನಡೆದರೂ ಸಾಲ ಮಾತ್ರ ಮನ್ನಾ ಆಗಲಿಲ್ಲ.

ದೊಡ್ಡಪ್ಪನಿಗೆ ಇದು ಹಿಡಿಸಿತು. ಆದರೆ ಅವಳಿಗೆ ತೀರಿಸಲು ಎಣ್ಣೆಯಾದರೂ ಇತ್ತು. ಟೇಲರಕ್ಕನ ಎಣ್ಣೆಯನ್ನೇ ಹೊತ್ತುಕೊಂಡು ಹೋದರಲ್ಲ! ತೀರಿಸುವ ದಾರಿಯನ್ನೇ ಮುಚ್ಚಿ ತೀರಿಸು ಅನ್ನುವುದು ಯಾವ ನ್ಯಾಯ? ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಈ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಟೇಲರಕ್ಕನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸಭೆಯಲ್ಲಿ ಸಾಲ ಮಾಡಬೇಡಿ ಅನ್ನುವ ಪ್ರಸಂಗ ಎಷ್ಟೋ ಕೇಳಿದ್ದೇನೆ. ಸಾಲ ಕೊಟ್ಟವರೇ, ಹೊರಗೆ ನಿಲ್ಲಿ ಅನ್ನುವ ಪ್ರಸಂಗ ಒಂದೂ ಕೇಳಿಲ್ಲ.

ಮಳೆ ಶುರುವಾಯ್ತು. ಬಟ್ಟೆ ತೆಗೆದು ಬಂದೆ.

ಬಾಕಿಯಲ್ಲಿ ಅರ್ಧ ತಾನು ಹಾಕ್ತೀನಿ ಅಂದರು ದೊಡ್ಡಪ್ಪ, ಬಡ್ಡಿ ಬೇಡ, ನಿಧಾನವಾಗಿ ಕೊಡಲಿ ಅಂತ. ಉಳಿದರ್ಧ ನನ್ನದು. ವಾಪಸ್ ಬರುತ್ತೆ ಅಂತ ಲೆಕ್ಕ ಹಾಕದೆ ಕೊಡಿ ಅಂತ ಲೂಕ 6ರಲ್ಲಿದೆ, ನನಗೆ ಹಾಗೆ ಕೊಡಬೇಕು ಅಂತ ಆಸೆ. ಆದರೆ ಟೇಲರಕ್ಕ ಯಾರ ಹತ್ತಿರವೂ ಸುಮ್ನೆ ಕೈಯೊಡ್ಡಿದವರಲ್ಲ. ಸಾಲ ಅಂದರೆ ಮಾತ್ರ ತಗೋತಾರೆ. ಹಾಗಂತ ಬರೆದುಕೊಂಡರೆ ತಿಂಗಳು ತಿಂಗಳೂ ನನ್ನನ್ನು ಕಂಡಾಗ ಅವರಿಗೆ ಮುಜುಗರ.