ಅಚ್ಚಾದದ್ದನ್ನೇ ಕಳಿಸಿದರೆ ಸಿಕ್ಕಿಬೀಳುತ್ತಾಳೆಯೇ?

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಪ್ರಬಂಧಗಳನ್ನು ಓದಿ, ತಿದ್ದದೆ, ಅನಿಸಿದ್ದನ್ನಷ್ಟೇ ಹೇಳಿ ಕಳಿಸುವುದು ನನ್ನ ಕೆಲಸ. ಅಕ್ಟೋಬರ್ ಬಂತೆಂದರೆ ಫೋನಿನಲ್ಲಿ, ಲಿಫ್ಟಿನಲ್ಲಿ, ಒಮ್ಮೆಯಂತೂ ನಾಮಕರಣದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುತ್ತಿದ್ದಾಗಲೇ ಹೆತ್ತವರು ಕೇಳುವ ಪ್ರಶ್ನೆ ಇದೊಂದೇ: “ಮೇಡಂ, ಮಗಳ ಲೇಖನ ಆಗಲೇ ಪತ್ರಿಕೆಯಲ್ಲಿ ಬಂದಿದೆ. ಅದನ್ನೇ ಹಾಕಿದರೆ ಸಿಕ್ಕಿಬೀಳ್ತಾಳಾ?”

ಸಿಕ್ಕಿಬೀಳಲು ಅವಳೇನು ಪಕ್ಕದ ಮನೆಯ ಮಾವಿನ ಮರ ಹತ್ತಿದ್ದಾಳೆಯೇ? ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಕೊಟ್ಟಿರುವ ಏಳು ವಿಷಯಗಳಲ್ಲಿ ಕೊನೆಯದು, ಮೊದಲೇ ಬರೆದಿಟ್ಟ ಪ್ರಬಂಧವನ್ನೂ ಕೊಡಬಹುದೆಂದು ಬಾಯಿಬಿಟ್ಟು ಹೇಳುತ್ತದೆ. ಮಿತಿ 650 ಪದ. ಹಕ್ಕಿನ ಚಿಂತೆಯೇ? 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯಂತೆ, ಪತ್ರಿಕೆಯ ಸಂಬಳದ ನೌಕರಳಲ್ಲದವಳು ಬರೆದದ್ದು, ಅವಳು ಲಿಖಿತವಾಗಿ ಬಿಟ್ಟುಕೊಡದ ಹೊರತು ಅವಳದೇ. ನಕಲು ಪತ್ತೆಹಚ್ಚುವ ತಂತ್ರಾಂಶದ ಭಯವಿದ್ದರೆ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಇದು ಇಂಥಲ್ಲಿ ಪ್ರಕಟವಾಗಿತ್ತು ಎಂದು ಒಂದು ಸಾಲು ಬರೆದರೆ ಮುಗಿಯಿತು.

ಇಷ್ಟು ಹೇಳಿದ ಮೇಲೂ “ಆದರೂ...” ಎನ್ನುವವರಿಗೆ ನಾನು ಹೋಳಿಗೆ ತಿನ್ನುತ್ತಿದ್ದೇನೆ ಎಂಬುದನ್ನು ನೆನಪಿಸಬೇಕಾಗುತ್ತದೆ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಅಚ್ಚಾದ ಸಾಲುಗಳಲ್ಲಿ ಅವಳವು ಎಷ್ಟು? ಅರ್ಜಿಯ ಕೊನೆಯಲ್ಲಿ ಇದೆಲ್ಲ ನನ್ನದೇ ಕೆಲಸ ಎಂದು ಸಹಿ ಹಾಕಬೇಕಾದವಳು ಲೇಖನ ತಿದ್ದಿದ ಪತ್ರಿಕೆಯ ಉಪಸಂಪಾದಕರಲ್ಲ, ಅವಳು.

ಆ ಪಂಕ್ತಿಯ ತಂದೆ ಮರುವಾರ ಮಗಳನ್ನು ಕರೆತಂದರು. ಅಜ್ಜನ ಊರಿನ ಬಾವಿಯ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಬರೆದಿದ್ದ 1,100 ಪದಗಳ ಲೇಖನ ಲ್ಯಾಮಿನೇಟ್ ಆಗಿತ್ತು. ಕೊನೆಯ ಸಾಲು, ನೀರನ್ನು ಉಳಿಸುವುದು ನಮ್ಮೆಲ್ಲರ ಹೊಣೆ ಎಂದಿತ್ತು. ಇದು ನಿನ್ನದೇನಮ್ಮಾ ಎಂದು ಕೇಳಿದಾಗ ಅವಳು ಅಪ್ಪನ ಮುಖ ನೋಡಿ, ಫೋನಿನಲ್ಲಿದ್ದ ಮೂಲ ಕರಡನ್ನು ತೆಗೆದು ತೋರಿಸಿದಳು. ಅಜ್ಜ ತೀರಿಕೊಂಡ ಮೇಲೆ, ನೀರು ಸೇದುವ ಕೊಡದ ಕುತ್ತಿಗೆಗೆ ಅವರು ಹಾಕಿದ್ದ ಗಂಟನ್ನು ಬಿಚ್ಚಲು ಮನೆಯಲ್ಲಿ ಯಾರಿಗೂ ಬಾರದೆ, ಕೊನೆಗೆ ಹಗ್ಗವನ್ನೇ ಕತ್ತರಿಸಿದರು ಎಂದು ಅಲ್ಲಿ ಕೊನೆಯಾಗಿತ್ತು. ಆ ಸಾಲನ್ನು ಹೊಡೆದುಹಾಕಿ ಹೊಣೆಯನ್ನು ತಂದು ಕೂರಿಸಿದ ಪುಣ್ಯಾತ್ಮರು ಯಾರೋ ನನಗೆ ತಿಳಿಯದು. ಬೇಗ ಪುಟ ಮುಗಿಸುವ ಅವಸರವಿತ್ತೇನೋ.

ಹುಡುಗಿ ಕರಡಿಗೇ ಮರಳಿ ಅದನ್ನು 640 ಪದಗಳಿಗೆ ಇಳಿಸಿದಳು, ಗಂಟು ಉಳಿಯಿತು. ತಂದೆ ಮಾತ್ರ, ಹಾಗಾದರೆ ಪತ್ರಿಕೆಯಲ್ಲಿ ಬಂದದ್ದು ಕಾಲೇಜಿನವರಿಗೆ ಗೊತ್ತಾಗುವುದಾದರೂ ಹೇಗೆ ಎಂದು ಕೇಳುತ್ತಲೇ ಇದ್ದರು. ಅರ್ಜಿಯ ಚಟುವಟಿಕೆಗಳ ಪಟ್ಟಿಯಲ್ಲಿ ಅದನ್ನು ಹೇಳಲು 150 ಅಕ್ಷರಗಳ ಜಾಗವಿರುವುದನ್ನು ತೋರಿಸಿ ಕಳಿಸಿದೆ.