ಫ್ಲೇರ್ ಬಿಚ್ಚಿದ ಮೇಲೆ

ಗಾಡಿಯ ಫ್ಲೇರ್, ಅಂದರೆ ಚಕ್ರದ ಮೇಲಿನ ಕಮಾನಿಗೆ ಬಿಗಿಸಿದ ಅಂಚುಪಟ್ಟಿ, ಬಿಚ್ಚೋದು ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಮೊದಲನೇ ಸ್ಕ್ರೂ ತಿರುಗಲೇ ಇಲ್ಲ. ಎರಡನೆಯದು ಹಿಂದೆ ಕಚ್ಚಿಕೊಳ್ಳಲು ತಗಡೇ ಇಲ್ಲದೆ ಸುಮ್ನೆ ಸುತ್ತುತ್ತಿತ್ತು. ಮೂರನೆಯದನ್ನು ಬೆರಳಲ್ಲಿ ಹಿಡಿದು ಎಳೆದೆ, ಬಂದೇ ಬಿಡ್ತು.

ಗಾಡಿ 2004ರ ಮಾರುತಿ ಜಿಪ್ಸಿ ಕಿಂಗ್. ಕೆಎ 18 ನಂಬರು, ಅಂದರೆ ನಮ್ಮ ಚಿಕ್ಕಮಗಳೂರಿನದೇ. ಆಲ್ದೂರಿನ ಹತ್ತಿರ ಭಾವನ ತೋಟದಲ್ಲಿ ಗೊಬ್ಬರ, ಕಾಫಿ ಚೀಲ, ಆಳುಗಳ ಊಟ ಎಲ್ಲ ಹೊರುತ್ತೆ. ಭಾನುವಾರ ನಾನು ಅದನ್ನು ತಗೊಂಡು ಗುಡ್ಡ ಹತ್ತುತ್ತೇನೆ. ನನ್ನ ಭಾನುವಾರದ ಶೋಕಿಗೆ 205/70 ಟೈರ್ ತೆಗೆಸಿ 215/75 ಹಾಕಿಸಿದ್ದೆ. ರಿಮ್ ಅದೇ 15 ಇಂಚು. ಟೈರಿನ ಎತ್ತರ ಮೂರೂವರೆ ಸೆಂಟಿಮೀಟರ್ ಜಾಸ್ತಿಯಾಯಿತು. ಅಷ್ಟಕ್ಕೇ ಚೀಲ ಹೇರಿ ಹೊಂಡಕ್ಕೆ ಇಳಿಸಿದಾಗೆಲ್ಲ ಹಿಂದಿನಿಂದ ಕರ್ರ್ ಅಂತ ಸದ್ದು. ಫ್ಲೇರ್ ತೆಗೆದು ಚಕ್ರದ ಕಮಾನಿನ ಅಂಚು ಸ್ವಲ್ಪ ಕತ್ತರಿಸಿದರೆ ಆಯಿತು ಅಂತ ಲೆಕ್ಕ ಹಾಕಿದ್ದೆವು.

ಫೆಬ್ರವರಿ ಕೊನೆ. ಕೊಯ್ಲು ಮುಗಿದಿತ್ತು, ಕಾಫಿ ಹೂವರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ನಮ್ಮ ಕಡೆ ಗಾಡಿ ಕೆಲಸಕ್ಕೆ ಇದೇ ಕಾಲ. ಜೂನ್ ಹಿಡಿದರೆ ಬಟ್ಟೆಯೇ ಒಣಗಲ್ಲ, ಬಣ್ಣ ಎಲ್ಲಿ ಒಣಗುತ್ತೆ?

ಫ್ಲೇರ್ ಕಳಚಿದಾಗ ಜೊತೆಗೆ ಒಂದು ಬೋಗುಣಿ ಮಣ್ಣು ಬಿತ್ತು. ಕೆಂಪು ಮಣ್ಣು, ಪುಡಿಯಾದ ಸಿಲ್ವರ್ ಓಕ್ ಎಲೆ, ನಾಲ್ಕು ಕಾಫಿ ಬೀಜ, ಒಂದು ಇರುವೆ ಗೂಡು. ಗಾಡಿ ತೊಳೆದು ವಾರವಾಗಿತ್ತು. ಆದರೂ ಒಳಗಿನ ಮಣ್ಣು ಹಿಂಡಿದರೆ ಮುದ್ದೆಯಾಗುವಷ್ಟು ಒದ್ದೆ. ಅದರ ಹಿಂದಿನ ತಗಡು ಸುಟ್ಟ ಹಪ್ಪಳದ ಹಾಗಿತ್ತು. ಸ್ಕ್ರೂ ಡ್ರೈವರ್ ತುದಿ ಒತ್ತಿದೆ, ಹಿಡಿವರೆಗೂ ಒಳಗೆ ಹೋಯಿತು.

ಕಂಪನಿಯವರು ಹಾಕಿದ ಫ್ಲೇರ್ ಅಲ್ಲ ಅದು. ಹಿಂದಿನ ಮಾಲೀಕರು ಎಲ್ಲೋ ಫೈಬರಿನದು ತಂದು, ತಗಡಿಗೆ ತೂತು ಹೊಡೆದು ಸ್ಕ್ರೂ ಬಿಗಿಸಿದ್ದರು. ತೂತಿನ ಅಂಚಿಗೆ ಬಣ್ಣ ಇಲ್ಲ, ನೀರು ಇಳಿಯಲು ದಾರಿ ಇಲ್ಲ. ಹನ್ನೊಂದು ಸ್ಕ್ರೂ ಅಂದರೆ ತುಕ್ಕಿಗೆ ಹನ್ನೊಂದು ಬಾಗಿಲು. ಚೂರು ಹಳೇ ಪುಟ್ಟಿಯೂ ಇತ್ತು. ಯಾರೋ ಒಮ್ಮೆ ನೋಡಿ, ಮೆತ್ತಿ, ಮುಚ್ಚಿಟ್ಟಿದ್ದಾರೆ.

"ವಾಪಸ್ ಹಾಕಿಬಿಡು ಮಾರಾಯ, ಕಾಣದಿದ್ದರೆ ಆಯ್ತಲ್ಲ" ಅಂದರು ಭಾವ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಒಂದು ನಿಮಿಷ ನನಗೂ ಆಸೆಯಾಯಿತು.

ಪೇಟೆಯಿಂದ ಟಿಂಕರ್ ಭಾಯಿ ಬಂದಾಗ ಹತ್ತು ಗಂಟೆ. ನಾನು ಆಗಲೇ ಮಾರ್ಕರ್‌ನಲ್ಲಿ ಕತ್ತರಿಸುವ ಗೆರೆ ಎಳೆದಿಟ್ಟಿದ್ದೆ. ಚಕ್ರದ ಸುತ್ತ ಒಂದೇ ಸಮ, ಚಂದದ ಗೆರೆ. ಭಾಯಿ ನೋಡಿ ನಕ್ಕರು. "ಅಣ್ಣಾ, ಗಾಡಿ ನಿಂತಿರೋವಾಗ ಅಳತೆ ತಗೊಂಡ್ರಾ?"

ಒಂದು ಹಿಂದಿನ ಚಕ್ರವನ್ನು ಕಣದ ಕಟ್ಟೆ ಮೇಲೆ ಹತ್ತಿಸಿ, ಒಳಗೆ ಐದು ಚೀಲ ಗೊಬ್ಬರ ಹೇರಿಸಿದರು. ಆಗ ಗೊತ್ತಾಯಿತು. ಟೈರು ನೇರ ಮೇಲಕ್ಕೆ ಹೋಗಲ್ಲ, ಹಿಂದಕ್ಕೂ ಸರಿಯುತ್ತೆ. ಪಟ್ಟಾ ಸ್ಪ್ರಿಂಗಿನ ಮುಂದಿನ ತುದಿ ಗಟ್ಟಿ ಕೂತಿರುತ್ತೆ, ಹಿಂದಿನ ತುದಿ ಶ್ಯಾಕಲ್ ಅನ್ನೋ ಕೊಂಡಿಯಲ್ಲಿ ತೂಗುತ್ತೆ. ಭಾರ ಬಿದ್ದು ಪಟ್ಟಾ ಚಪ್ಪಟೆಯಾದರೆ ಉದ್ದವಾಗುತ್ತೆ, ಆಕ್ಸಲ್‌ ಅನ್ನೂ ಹಿಂದಕ್ಕೆ ತಳ್ಳುತ್ತೆ. ನಾನು ಮುಂದೆ ಸುಮ್ಮನೆ ಜಾಸ್ತಿ ಕತ್ತರಿಸಿ, ಬೇಕಾದ ಹಿಂದಿನ ಮೂಲೆಯನ್ನು ಬಿಟ್ಟಿರುತ್ತಿದ್ದೆ. ಇಷ್ಟು ವರ್ಷ ಗಾಡಿ ಓಡಿಸಿಯೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಗ್ರೈಂಡರ್ ಹಿಡಿಯುವ ಮುಂಚೆ ಬ್ಯಾಟರಿ ವೈರ್ ಕಳಚಿದರು. ಪೆಟ್ರೋಲ್ ಟ್ಯಾಂಕ್ ಹಿಂದೆ, ಕೆಳಗೇ ಇದೆ. ಅದನ್ನು ಪೂರ್ತಿ ಇಳಿಸಿ ದೂರದ ಗೋದಾಮಿಗೆ ಹೊತ್ತು ಹಾಕಿದೆವು. ಒಂದು ಗಂಟೆ ಅದಕ್ಕೇ ಹೋಯಿತು. ಒದ್ದೆ ಗೋಣಿ ಮುಚ್ಚಿದರೆ ಸಾಲದಾ ಅಂತ ಕೇಳಿದ್ದಕ್ಕೆ ಭಾಯಿ ಉತ್ತರವನ್ನೇ ಕೊಡಲಿಲ್ಲ.

ಅಂಚು ಕತ್ತರಿಸಿದ ಮೇಲೆ ಹೊಸ ತಲೆನೋವು. ಹೊರಗಿನ ತಗಡು, ಒಳಗಿನ ತಗಡು ಎರಡನ್ನೂ ಆ ಅಂಚಿನಲ್ಲೇ ಬೆಸೆದಿರುತ್ತಾರೆ. ಅಂಚು ಹೋದರೆ ನಡುವೆ ಎರಡು ಬೆರಳು ಹೋಗುವಷ್ಟು ಬಾಯಿ. ಭಾಯಿ ಒಳಗಿನ ತಗಡನ್ನು ಇಂಚಿಗೊಂದರಂತೆ ಸೀಳಿದರು. ಒಂದೊಂದೇ ಕಿವಿಯನ್ನು ಸುತ್ತಿಗೆಯಲ್ಲಿ ತಟ್ಟಿ ಹೊರಗಿನ ತಗಡಿನ ಮೇಲೆ ಮಡಚಿದರು. ಕೊಳೆತ ಜಾಗಕ್ಕೆ 20 ಗೇಜಿನ ಹೊಸ ಶೀಟು. ವೆಲ್ಡಿಂಗ್ ಒಂದೇ ಎಳೆಯಾಗಿ ಓಡಿಸಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಒದ್ದೆ ಬಟ್ಟೆ. ಇಷ್ಟು ತೆಳು ಶೀಟಿಗೆ ಒಂದೇ ಕಡೆ ಕಾವು ಕೊಟ್ಟರೆ ದೋಸೆ ಅಂಚಿನ ಹಾಗೆ ಸೊಟ್ಟಗಾಗುತ್ತೆ. ನನಗೂ ಒಂದು ಚುಕ್ಕಿ ಹಾಕಲು ಬಿಟ್ಟರು. ನೇರ ತೂತು ಬಿತ್ತು. ಆ ತೂತು ಮುಚ್ಚಲು ಅವರಿಗೆ ಕಾಲು ಗಂಟೆ ಬೇಕಾಯಿತು.

ಗಾಡಿ ಅಗಲ, ಚಾಸಿ, ಸೀಟು ಯಾವುದಕ್ಕೂ ಕೈ ಹಾಕಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಆರ್‌ಸಿಯಲ್ಲಿ ಇರೋದಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಇದೆ. ರೀಲ್ಸ್ ನೋಡಿ ಗಾಡಿ ಕತ್ತರಿಸುವ ಹುಡುಗರಿಗೆ ಇದನ್ನು ಹೇಳಿದರೆ ನನ್ನನ್ನೇ ಅಜ್ಜ ಅಂತಾರೆ.

ಇನ್ನೊಂದು ಬದಿ ಮಾರನೇ ದಿನ ಮಧ್ಯಾಹ್ನಕ್ಕೆ ಮುಗಿಯಿತು. ಅಲ್ಲಿ ತುಕ್ಕು ಕಮ್ಮಿ ಇತ್ತು. ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದ ಮೇಲೆ ಭಾಯಿ ಎರಡೂ ಕಡೆ ಕಮಾನಿನ ತಳದ ಮೂಲೆಯಲ್ಲಿ ಪೆನ್ಸಿಲ್ ಗಾತ್ರದ ಒಂದೊಂದು ತೂತು ಹೊಡೆದರು. ಅಷ್ಟು ಕಷ್ಟಪಟ್ಟು ಮುಚ್ಚಿ ಮತ್ತೆ ತೂತಾ ಅಂತ ಭಾವ ರೇಗಿದರು. "ಇದಕ್ಕೂ ಬಣ್ಣ ಹಚ್ಚಿದೀನಿ ಗೌಡ್ರೇ, ಮುಚ್ಚಬೇಡಿ" ಅಂದು ಭಾಯಿ ಗ್ರೈಂಡರ್ ಕಟ್ಟಿಕೊಂಡು ಹೊರಟರು.

ಹೂಮಳೆ ಮಾರ್ಚ್ ಎರಡನೇ ವಾರ ಬಂತು, ರಾತ್ರಿ. ಬೆಳಗ್ಗೆ ತೋಟವೆಲ್ಲ ಒದ್ದೆ ಮಣ್ಣಿನ ವಾಸನೆ. ಒಂದು ಸುತ್ತು ಹೊಡೆದು ಬಂದು ಗಾಡಿ ನಿಲ್ಲಿಸಿದೆ. ಕರ್ರ್ ಅನ್ನೋ ಸದ್ದು ಇರಲಿಲ್ಲ. ಭಾವ ಟಾರ್ಚ್ ಹಿಡಿದು ಚಕ್ರದ ಹಿಂದೆ ಬಗ್ಗಿ ಕೂತಿದ್ದರು. ಆ ತೂತಿನಿಂದ ಕೆಂಪು ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಫ್ಲೇರ್‌ಗಳು ಕೋಳಿಗೂಡಿನ ಮೇಲೆ ಬಿದ್ದಿವೆ, ಶೀಟು ಹಾರದ ಹಾಗೆ ಭಾರಕ್ಕೆ.