ಭರಣಿ ಹುಯ್ತು
ಮೇ 3, 2024, ಶುಕ್ರವಾರ
ಬೆಂಗಳೂರು

ಸಂಜೆ ಮಳೆ ಬಂತು. ಕಡೆಗೂ ಬಂತು. ಏಪ್ರಿಲ್ ಪೂರ್ತಿ ನಮ್ಮ ಬೀದಿಗೆ ಒಂದು ಹನಿ ಬಿದ್ದಿರಲಿಲ್ಲ. ಹೋದ ಭಾನುವಾರವಂತೂ ಬೆಂಗಳೂರಲ್ಲಿ 38.5 ಡಿಗ್ರಿ. ಇವತ್ತು ಮೊದಲ ನಾಲ್ಕು ಹನಿ ಬಾಲ್ಕನಿಯ ಸಿಮೆಂಟಿನ ಮೇಲೆ ಬಿದ್ದ ಕೂಡಲೇ ಆರಿಹೋದವು. ಆಮೇಲೆ ಧೋ ಅಂತ ಸುರಿಯಿತು.

ಅಷ್ಟರಲ್ಲೇ ಅರಸೀಕೆರೆ ಕಡೆಯಿಂದ ದೊಡ್ಡಪ್ಪನ ಫೋನ್. ಮೊದಲ ಮಾತೇ, "ಏನಪ್ಪಾ, ಭರಣಿ ಹುಯ್ತಾ ಅಲ್ಲಿ?"

"ಹುಯ್ತು ದೊಡ್ಡಪ್ಪ, ಚೆನ್ನಾಗೇ ಹುಯ್ತು."

"ಭರಣಿ ಹುಯ್ದ್ರೆ ಧರಣಿ ಎಲ್ಲಾ ಬೆಳೆ. ಇಲ್ಲಿ ಬರೀ ಗುಡುಗು ಕಣಪ್ಪ."

ಪಕ್ಕದಲ್ಲಿದ್ದ ಮಗಳಿಗೆ ಆಶ್ಚರ್ಯ. ಅವಳಿಗೆ ಗೊತ್ತಿರುವುದು ಉಪ್ಪಿನಕಾಯಿ ಭರಣಿ ಒಂದೇ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುವುದು ಅವಳಿಗೂ ಗೊತ್ತು, ಹಬ್ಬದ ಜೊತೆ ಆ ಮಾತೂ ಪ್ರತಿ ವರ್ಷ ಮನೆಗೆ ಬರುತ್ತದಲ್ಲ. ಮಳೆ ಗಾದೆಗಳಿಗೆ ಹೊಲವೇ ಬೇಕು.

ಗೋಡೆಯ ಕ್ಯಾಲೆಂಡರ್ ಇಳಿಸಿ ತೋರಿಸಿದೆ. ಸೂರ್ಯ ವರ್ಷಕ್ಕೆ 27 ನಕ್ಷತ್ರ ದಾಟುತ್ತಾನೆ, ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಅವನು ಯಾವ ನಕ್ಷತ್ರದಲ್ಲಿದ್ದಾನೋ ಆಗಿನ ಮಳೆಗೆ ಅದೇ ಹೆಸರು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಯಿಂದ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, ಆಮೇಲೆ ರೋಹಿಣಿ.

ಅಶ್ವಿನಿಗೆ 'ಸಸ್ಯನಾಶಿನಿ' ಅಂತ ಕೆಟ್ಟ ಹೆಸರು. ಹದಿನೈದು ದಿನ ಆಚೀಚೆ ಬರುವ ಎರಡು ಮಳೆಗೆ ಯಾಕಿಷ್ಟು ಭೇದ? ಚಿಕ್ಕವನಿದ್ದಾಗ ಬರೀ ಪ್ರಾಸ ಅಂದುಕೊಂಡಿದ್ದೆ. ದೊಡ್ಡಪ್ಪ ಹೊಲದಲ್ಲೇ ತೋರಿಸಿದ್ದರು. ಅಶ್ವಿನಿ ಮಳೆ ನಂಬಿ ಬಿತ್ತಿದ ಅಲಸಂದೆ ಎರಡೆಲೆ ಒಡೆದು, ಮುಂದಿನ ಮಳೆ ಬಾರದೆ ಬಿಸಿಲಿಗೆ ಮುದುಡಿ ನಿಂತಿತ್ತು. ಕಿತ್ತರೆ ಬೇರಿಗೆ ಅಂಟಿದ್ದು ಬರೀ ಧೂಳು. ಗಾಳಿ, ಆಲಿಕಲ್ಲಿಗೆ ಮಾವಿನ ಮಿಡಿ ಉದುರುವುದೂ ಆಗಲೇ. ಭರಣಿಗೆ ಬಿತ್ತಿದ ಎಳ್ಳು, ಹೆಸರಿಗಾದರೆ ಹಿಂದೆಯೇ ಇನ್ನೊಂದು ಮಳೆ ಸಿಗುತ್ತದೆ ಅನ್ನೋ ಧೈರ್ಯ.

ಗಾದೆ ಎಲ್ಲಿ ಹುಟ್ಟಿತು ಅನ್ನೋದು ಒಮ್ಮೊಮ್ಮೆ ಅದರೊಳಗೇ ಇರುತ್ತೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ' ನಮ್ಮ ರಾಗಿ ಸೀಮೆಯ ಮಾತಾಗಿರಲಾರದು. ಓಣಿ ಅನ್ನುವವರು, ಜೋಳ ಉಣ್ಣುವವರು ಕಟ್ಟಿದ್ದು, ಉತ್ತರದ ಕಡೆಯದೇ ಅನ್ನಿಸುತ್ತೆ.

ಇನ್ನೊಂದು ವಿಷಯ ನನ್ನನ್ನು ಬಹಳ ದಿನದಿಂದ ಕಾಡಿದೆ. ನಕ್ಷತ್ರದ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಈ ಗಾದೆಗೆ 500 ವರ್ಷ ಆಗಿದ್ದರೆ, ಅದನ್ನು ಮೊದಲು ಆಡಿದವರ ಭರಣಿ ಬೇಸಿಗೆಯಲ್ಲಿ ಈಗಿನದಕ್ಕಿಂತ ಒಂದು ವಾರ ಮುಂಚೆಯೇ ಬರುತ್ತಿತ್ತು. ಅಂದರೆ ಆಗಿನ ಭರಣಿಯ ಅರ್ಧ ಈಗ ಅಶ್ವಿನಿಯ ಪಾಲು! ಆದರೂ ದೊಡ್ಡಪ್ಪ ಗಾದೆಯೊಂದನ್ನೇ ನಂಬಿ ಬಿತ್ತುವವರಲ್ಲ. ಮಣ್ಣು ಹಿಡಿದು ಉಂಡೆ ಕಟ್ಟಿ, ಹದ ನೋಡಿಯೇ ಬಿತ್ತನೆ ಕಾಳು ತೆಗೆಯುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಮಗಳು ಮತ್ತೆ ಕ್ಯಾಲೆಂಡರ್ ಹಿಡಿದು ಬಂದಳು. ಬೆರಳಿಟ್ಟು ಎಣಿಸಿದಳು.

"ಭರಣಿ ಇನ್ನೂ ಏಳು ದಿನ ಇದೆ ಅಲ್ವಾ ಅಪ್ಪ? ತಾತನ ಊರಲ್ಲಿ ಹುಯ್ತಾ ಅಂತ ನಾಳೆ ನಾನೇ ಕೇಳ್ತೀನಿ."